ಅಪ್ಪನ ಕೋಣೆ

ಮದುವೆಯಾದಾಗ ನೋರೀನ್ ಗಂಡ ಡುವಾರ್ತೆಗೆ ಮಾತು ಕೊಟ್ಟಿದ್ದಳು: ನಿನ್ನಮ್ಮ ಇರುವವರೆಗೆ ಪೋರ್ಚುಗಲ್ಲಿನ ಪೋರ್ಟೊ, ಆಮೇಲೆ ಕೆನಡಾದಲ್ಲಿ ನನ್ನೂರು. ಅತ್ತೆ ತೀರಿಕೊಂಡು ವರ್ಷವಾಗಿತ್ತು. ಇದೆಲ್ಲ ಬಲ್ಲ ಪಕ್ಕದ ಮನೆಯ ಗ್ರಾಸಾ ಬಸ್ಸಿಗಾಗಿ ಕಾಯುತ್ತಿದ್ದ ಗಂಡ-ಹೆಂಡತಿಯ ಹಿಂದೆಯೇ ನಿಂತಿದ್ದಳು. ಎರಡೂ ಕೈಯಲ್ಲಿ ಮೀನಿನ ಚೀಲವಿದ್ದುದರಿಂದ ಕಿವಿ ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ.

“ನನ್ನ ಕೆನಡಾ ಕಾಯಂ ವಾಸದ ಅರ್ಜಿ ಮತ್ತೆ ನಿಂತಿದೆ,” ಎಂದ ಡುವಾರ್ತೆ.

“ನಿನ್ನಲ್ಲೇನು ಕೊರತೆಯಂತೆ?”

“ನನ್ನಲ್ಲಲ್ಲ ಮಾರಾಯ್ತಿ, ನಿನ್ನಲ್ಲಿ! ಹೊರದೇಶದಲ್ಲಿದ್ದು ಗಂಡನನ್ನ ಕರೆಸ್ಕೊಳ್ಳೋಳು ತಾನೂ ವಾಪಸ್ ಬರ್ತೀನಿ ಅಂತ ತೋರಿಸ್ಬೇಕಂತೆ. ಅಲ್ಲಿ ಇರೋಕೆ ಜಾಗ ಕೊಡ್ತೀನಿ ಅಂತ ನಿಮ್ಮಣ್ಣ ಬರೆದುಕೊಟ್ರೆ ಸಾಕು.”

“ಅಪ್ಪನ ದೋಣಿ ಮಾರಿ ತಿಂದವನು ಅವನು. ಸತ್ರೂ ಕೇಳಲ್ಲ.”

“ಹಾಗಾದ್ರೆ ಕಷ್ಟಪಟ್ಟು ಕಲಿತ ಇಂಗ್ಲಿಷನ್ನ ಬೆಕ್ಕಿನ ಹತ್ರ ಮಾತಾಡ್ಲಾ?”

ನೋರೀನ್ ನಕ್ಕಳು. ಫೋನ್ ತೆಗೆದು ಅಣ್ಣನ ನಂಬರು ಒತ್ತಿದಳು.

“ಅಣ್ಣಾ, ನಾನು ನೋರೀನ್... ಇಲ್ಲಪ್ಪಾ, ಯಾರೂ ಸತ್ತಿಲ್ಲ... ಅಪ್ಪನ ಕೋಣೆ ಖಾಲಿ ಇದ್ಯಾ? ನಮ್ಮಿಬ್ಬರಿಗೆ.”

ಬಸ್ ಬಂತು. ಅವಳು ಫೋನ್ ಕಿವಿಗೆ ಹಿಡಿದುಕೊಂಡೇ ಹತ್ತಿದಳು. ಡುವಾರ್ತೆ ಇಬ್ಬರ ಟಿಕೆಟ್ಟೂ ತೆಗೆದುಕೊಂಡ.

ಅಣ್ಣ ಬರೆದುಕೊಟ್ಟ; ಮರುವರ್ಷ ಅವರು ಕೆನಡಾಕ್ಕೆ ಹೋದರು. ನೋರೀನ್ ಕೊಟ್ಟ ಮಾತು ಉಳಿಯಿತು.