ಮೇಲಿನಿಂದ ಕಂಡ ಬೈತಲೆ

ಲೈಟು ಪೂರ್ತಿ ಆರಿಸಬೇಡಿ, ಸಣ್ಣದೊಂದು ಉರೀತಿರಲಿ. ಬಾಗಿಲ ಹತ್ತಿರ ಹಾಸಿಕೊಂಡಿರೋರು ಸ್ವಲ್ಪ ಒಳಗೆ ಸರಿದು ಬನ್ನಿ... ಪುಟ್ಟಿ ನೇಹಾ ಮಲಗಿದಳಾ? ಸರಿ. ಅವಳ ಮುಂದೆ ಇದನ್ನ ಹೇಳಲ್ಲ ನಾನು.

ನಮ್ಮ ಚಿಕ್ಕಮ್ಮನ ಮಗಳು ಕೃಪಾ, ದಾವಣಗೆರೆಯವಳು. ಸೂರತ್ತಿನಲ್ಲಿ ಏಣಿಯಿಂದ ಬಿದ್ದು ಹೋದಳು ಅಂತ ಕೇಳಿದವರಿಗೆಲ್ಲ ಹೇಳಿದ್ದೀವಿ. ಸುಳ್ಳಲ್ಲ. ಬಿದ್ದದ್ದು ಹೌದು. ಆದರೆ ಅಷ್ಟೇ ಅಲ್ಲ.

ಅವಳ ಗಂಡ ಗುರುಕಿರಣ್ ಫೋಟೋ ತೆಗೆಯೋನು. ಆನ್‌ಲೈನ್‌ನಲ್ಲಿ ಸೀರೆ ಮಾರ್ತಾರಲ್ಲ, ಅವರಿಗೆ. ಇಬ್ಬರೂ ಸೇರಿ ಹಳೇ ಕಟ್ಟಡವೊಂದರ ಮೂರನೇ ಮಹಡಿ ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡಿಕೊಂಡಿದ್ದರು. ಕೆಳಗೆ ಮೊದಲು ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆ ಇತ್ತಂತೆ. ಹಿತ್ತಲಲ್ಲಿ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ ಬೆಸುಗೆ ಹಾಕಿಬಿಟ್ಟಿದ್ದರು. ಮನೆಗೆ ಹೋಗೋ ದಾರಿ ಅದರ ಪಕ್ಕದಲ್ಲೇ.

ಒಂದಿನ ಕೆಲಸ ಮುಗಿಸಿ ಇಬ್ಬರೂ ತಡವಾಗಿ ಇಳಿದು ಬರ್ತಿದ್ದರು. ಬಾವಿ ದಾಟೋವಾಗ ಸದ್ದು. ಥಪ್... ಥಪ್... ಒದ್ದೆ ಸೀರೆ ಕಲ್ಲಿಗೆ ಬಡಿದ ಹಾಗೆ. ಆಮೇಲೆ ನೀರು ಹಿಂಡಿದ ಸದ್ದು, ಜರ್‍ರ್ ಅಂತ.

"ಯಾರೋ ಬಟ್ಟೆ ಒಗೀತಿದ್ದಾರೆ ಕಣೋ," ಅಂದಳಂತೆ ಕೃಪಾ, ಪಿಸುಮಾತಲ್ಲಿ.

"ಈ ಹೊತ್ತಲ್ಲಿ ಯಾರು ಒಗೀತಾರೆ? ನಡಿ."

"ಗುರು... ಸದ್ದು ಕೆಳಗಿಂದ ಬರ್ತಿದೆ."

ಅವನು ಅವಳ ಕೈ ಹಿಡಿದು ಎಳಕೊಂಡು ಬಂದ. ಹಿಂದೆ ತಿರುಗಲಿಲ್ಲ. ಬೆಳಗಾದ ಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಆಗ ಅವರಿಗೆ ಬೇರೆ ತಲೆನೋವು ಇತ್ತು. ಸೀರೆ ಹಾಸಿ ಮೇಲಿನಿಂದ ಫೋಟೋ ತೆಗೀಬೇಕಿತ್ತು. ದೊಡ್ಡ ಬಿಳಿ ಮೇಜು, ಅದರ ನೆತ್ತಿಯ ಮೇಲೆ ಸೀಲಿಂಗಿಗೆ ಕ್ಯಾಮೆರಾ ತಲೆಕೆಳಗಾಗಿ ಕಟ್ಟಿದ್ದರು. ಪ್ರತಿ ಸೀರೆಗೂ ಏಣಿ ಹತ್ತಿ ಗುಂಡಿ ಒತ್ತಕ್ಕಾಗುತ್ತಾ? ಅದಕ್ಕೆ ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಕೇಬಲ್ ಎಳೆದು ಅಲ್ಲಿಂದಲೇ ನಡೆಸೋದು. ಅದಕ್ಕೊಂದು ಸಾಫ್ಟ್‌ವೇರ್ ಬೇಕು. ಯಾವುದು ಅಂತ ಗುರು ದಿನಗಟ್ಟಲೆ ಹುಡುಕಿದ.

ಕ್ಯಾಮೆರಾ ಕಂಪನಿಯದೇ ಒಂದಿತ್ತು. ಅದು ನಾಲ್ಕು ಫೋಟೋ ತೆಗೆಯೋದರಲ್ಲಿ ನಿಂತುಬಿಡೋದು. ದುಡ್ಡು ಕೊಟ್ಟು ಕೊಳ್ಳೋದು ಇನ್ನೊಂದು. ಮೂರನೇದು ಬಿಟ್ಟಿ. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿದ್ದರಂತೆ. ದುಡ್ಡು ಕೊಡೋ ಮುಂಚೆ ಬಿಟ್ಟಿಯದನ್ನ ಹಾಕಿ ನೋಡಿದ. ಎಷ್ಟು ಚೆನ್ನಾಗಿತ್ತಂತೆ! ಫೋಕಸ್ಸು, ಬೆಳಕು, ಎಲ್ಲ ಕೂತಲ್ಲಿಂದಲೇ. ಮೇಜಿನ ಮೇಲೆ ಏನಿದೆಯೋ ಅದು ಹಾಗೇ ಪರದೆ ಮೇಲೆ ಕಾಣೋದು. ಕೃಪಾಗೆ ಖುಷಿಯೋ ಖುಷಿ.

ಅವತ್ತು ಮಧ್ಯಾಹ್ನ ಅವಳು ಊಟದ ಡಬ್ಬಿ ತೊಳೆಯಕ್ಕೆ ಹೊರಗೆ ಹೋಗಿದ್ದಳು. ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದರು, ಬೆಳಕು ನುಗ್ಗಬಾರದಲ್ಲ. ಒಳಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಗುರು ಪರದೆ ನೋಡ್ತಾ ಕೂತಿದ್ದ. ಮೇಜಿನ ಮೇಲೆ ಹಳದಿ ಸೀರೆ.

ಪರದೆಯ ಅಂಚಿನಿಂದ ಒಂದು ಕೈ ಬಂತು.

ಹೆಂಗಸಿನ ಕೈ. ಬೆರಳಿಂದ ಮಣಿಕಟ್ಟಿನ ತನಕ ನೀಲಿ, ಬಣ್ಣದ ತೊಟ್ಟಿಯಲ್ಲಿ ಅದ್ದಿದ ಹಾಗೆ. ಬಳೆ ಇಲ್ಲ. ಸೆರಗಿನ ಸುಕ್ಕನ್ನ ನಿಧಾನಕ್ಕೆ ಸವರಿತು... ಇನ್ನೊಂದು ಸಲ ಸವರಿತು. ಗುರು ತಲೆ ಎತ್ತಿ ಮೇಜು ನೋಡಿದ. ಯಾರೂ ಇಲ್ಲ. ಪರದೆ ನೋಡಿದ. ಈಗ ಅವಳು ಇನ್ನೂ ಬಗ್ಗಿದ್ದಳು. ಮೇಲಿನಿಂದ ನೆತ್ತಿ ಕಾಣ್ತಿತ್ತು. ಒದ್ದೆ ಕೂದಲು, ನೆಟ್ಟಗೆ ತೆಗೆದ ಬೈತಲೆ. ಮುಖ ಇಲ್ಲ, ಬರೀ ಬೈತಲೆ.

ಲ್ಯಾಪ್‌ಟಾಪ್ ಮುಚ್ಚಿಬಿಟ್ಟ.

ಆಮೇಲೆ ಏನು ಮಾಡಿದ ಗೊತ್ತಾ? ದುಡ್ಡು ಕೊಡೋ ಸಾಫ್ಟ್‌ವೇರ್ ಹಾಕಿದ. ಅದರಲ್ಲಿ ಬರೀ ಸೀರೆ. ಮತ್ತೆ ಬಿಟ್ಟಿಯದು ತೆರೆದ... ಬೈತಲೆ. ಕಂಪನಿಯದು ತೆರೆದ. ಬರೀ ಸೀರೆ. ಅದೇ ಕ್ಯಾಮೆರಾ, ಅದೇ ಕೇಬಲ್, ಅದೇ ಮೇಜು. ಒಂದರಲ್ಲಿ ಮಾತ್ರ ಕಾಣೋದು.

ನೀವಾದರೆ ಏನು ಮಾಡ್ತಿದ್ದಿರಿ? ಜಾಗ ಬಿಟ್ಟು ಓಡ್ತಿದ್ದಿರಿ. ಅವನು ಕಾಣದೇ ಇರೋದನ್ನ ಆರಿಸಿಕೊಂಡ. ಹಬ್ಬದ ಸೀಸನ್ನು, ಸೀರೆ ಮೂಟೆಗಟ್ಟಲೆ ಬಂದು ಬಿದ್ದಿತ್ತು. ಕಾಣದಿದ್ದರೆ ಇಲ್ಲ ಅಂತ ಅಂದ್ಕೊಂಡ ಪಾಪ.

"ಅದೇ ಚೆನ್ನಾಗಿತ್ತಲ್ಲೋ, ಬಿಟ್ಟಿ ಬೇರೆ. ಯಾಕೆ ತೆಗೆದೆ?" ಅಂತ ಕೃಪಾ ಕೇಳಿದಳು.

"ಬಣ್ಣ ಸರಿಯಾಗಿ ಬರ್ತಿರಲಿಲ್ಲ," ಅಂದ.

ಕೆಲಸ ಸಾಗಿತು. ನಡುನಡುವೆ ಕೃಪಾ ಅನ್ನೋಳಂತೆ, "ನಾನು ಮುಟ್ಟೋ ಮೊದಲೇ ಸೆರಗು ಸರಿಯಾಗಿರುತ್ತೆ ನೋಡು." ಇವನು ಫ್ಯಾನ್ ಗಾಳಿ ಅನ್ನೋನು. ಫ್ಯಾನ್ ಹಾಕ್ತಾನೇ ಇರಲಿಲ್ಲ ಅಲ್ಲಿ, ಸೀರೆ ಹಾರುತ್ತೆ ಅಂತ. ಅವಳಿಗೆ ಅದು ಗೊತ್ತಿರಲಿಲ್ವಾ? ಗೊತ್ತಿತ್ತು. 

ದಸರಾ ಹಿಂದುಮುಂದು. ಕ್ಯಾಮೆರಾ ಕಟ್ಟಿದ್ದ ಕ್ಲಾಂಪು ಸಡಿಲವಾಯಿತು. ಕೃಪಾ ಬಿಗಿ ಮಾಡ್ತೀನಿ ಅಂತ ಏಣಿ ಹತ್ತಿದಳು. ಗುರು ಕೋಣೆಯ ಆ ಕಡೆ, ಲ್ಯಾಪ್‌ಟಾಪಿನ ಮುಂದೆ.

"ಸ್ವಲ್ಪ ಎಡಕ್ಕೆ... ಇನ್ನೂ ಸ್ವಲ್ಪ..." ಅಂತಿದ್ದ.

ಪರದೆ ಮೇಲೆ ಬಿಳಿ ಮೇಜು. ಖಾಲಿ.

ಕಿರ್‍ರ್... ಅಲ್ಯೂಮಿನಿಯಂ ಏಣಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು.

"ಗುರು, ಏಣಿ ಎಳೀಬೇಡ್ವೋ," ಅಂದಳು ಕೃಪಾ.

ಅವನು ಕುರ್ಚಿಯಿಂದ ಎದ್ದೇ ಇರಲಿಲ್ಲ.

ಕಿರ್‍ರ್...

"ಗುರು! ಬಿಡೋ, ಬೀಳ್ತೀನಿ—"

ಮೇಜಿನ ಅಂಚಿಗೆ ತಲೆ ತಾಗಿತ್ತು. ಆಸ್ಪತ್ರೆಗೆ ಒಯ್ಯೋ ಅಷ್ಟರಲ್ಲಿ ಆಗಿಹೋಗಿತ್ತು. ಕೊನೇ ಗಳಿಗೆಯಲ್ಲೂ, ಎಳೆದದ್ದು ಗಂಡನೇ ಅಂದ್ಕೊಂಡು ಹೋದಳಲ್ಲ... ಅವನಿಗೆ ಅದೇ ಕೊರಗು. ಇಷ್ಟೂ ನನಗೆ ಅವನೇ ಹೇಳಿದ್ದು, ದಾವಣಗೆರೆಯಲ್ಲಿ, ಕರ್ಮ ಎಲ್ಲ ಮುಗಿದ ಮೇಲೆ, ಚಿಕ್ಕಮ್ಮನ ಮನೆ ಮೆಟ್ಟಿಲ ಮೇಲೆ ಕೂತು.

ಜಾಗ ಖಾಲಿ ಮಾಡಿ ಬರ್ತೀನಿ ಅಂತ ಸೂರತ್ತಿಗೆ ಹೋದವನು ಬರಲೇ ಇಲ್ಲ. ಫೋನ್ ಎತ್ತಲ್ಲ. ಚಿಕ್ಕಮ್ಮ ಅತ್ತುಕೊಂಡು, "ನೀಲಾ, ನೀನೇ ಹತ್ತಿರ ಇರೋಳು, ನೋಡಿಕೊಂಡು ಬಾರೇ" ಅಂದಳು. ನಾವಾಗ ಇದ್ದದ್ದು ವಡೋದರಾದ ಆಚೆ; ನಾನೂ ನಮ್ಮನೆಯವರೂ ಬೆಳಗಿನ ರೈಲಿಗೆ ಹೊರಟೆವು. ಇವರು ಕೆಳಗೆ ಕಟ್ಟಡದ ಮಾಲೀಕರ ಜೊತೆ ಮಾತಾಡ್ತಾ ನಿಂತರು. ಮೇಲೆ ಹೋದದ್ದು ನಾನೊಬ್ಬಳೇ.

ಹೊರಗೆ ಸುಡೋ ಬಿಸಿಲು, ಟೆಂಪೋಗಳ ಹಾರ್ನು. ಒಳಗೆ ಕತ್ತಲೆ. ಗುರು ಪರದೆ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು. ನನ್ನ ನೋಡಿ ನಕ್ಕ.

"ಬಾ ಅಕ್ಕ, ಕೂತ್ಕೋ. ಇವತ್ತು ಬೇಗ ಬಂದಿದ್ದಾಳೆ."

ನಾನು ಕೂರಲಿಲ್ಲ, ಅವನ ಕುರ್ಚಿ ಹಿಂದೆ ನಿಂತೆ.

"ಬಿಟ್ಟಿಯದನ್ನೇ ಮತ್ತೆ ಹಾಕಿಕೊಂಡೆ," ಅಂದ. "ಮೊದಲೇ ಇದನ್ನೇ ಇಟ್ಟುಕೋಬೇಕಿತ್ತು ಅಕ್ಕ. ಕಾಣ್ತಿತ್ತು. ಅವಳ ಹಿಂದೆ ಯಾರು ನಿಂತಿದ್ದಾರೆ ಅಂತ ಕಾಣ್ತಿತ್ತು."

ನೋಡಬಾರದು ಅಂದ್ಕೊಂಡೆ. ನೋಡಿದೆ.

ಮೇಜಿನ ಮೇಲೆ ಒಂದು ಸೀರೆ. ಅದರ ಮೇಲೆ ಬಗ್ಗಿರೋ ಎರಡು ತಲೆ. ಒಂದು ಒದ್ದೆ. ಇನ್ನೊಂದರ ನೆತ್ತಿಯಲ್ಲಿ ಎರಡು ಸುಳಿ... ಅಕ್ಕಪಕ್ಕ. ಚಿಕ್ಕವಳಿದ್ದಾಗ ನಾನೇ ಅವಳ ತಲೆ ಬಾಚ್ತಿದ್ದೆ. ಆ ಸುಳಿ ನನಗೆ ಗೊತ್ತಿಲ್ವಾ?

"ನೋಡು, ಚೆನ್ನಾಗಿದ್ದಾಳೆ. ಕೆಲಸ ಮಾಡ್ತಿದ್ದಾಳೆ," ಅಂದ ಗುರು.

ಚೆನ್ನಾಗಿರಲಿಲ್ಲ ಅವಳು. ಸರಿಯಾಗಿ ನೋಡಿದೆ ನಾನು. ಕೃಪಾಳ ಕೈ ತಾನಾಗಿ ಸವರ್ತಿರಲಿಲ್ಲ. ಆ ನೀಲಿ ಕೈ ಅವಳ ಮಣಿಕಟ್ಟು ಹಿಡಿದು ಸವರಿಸ್ತಿತ್ತು. ಅವಳ ಬೆರಳು ಬಿಡಿಸಿಕೊಳ್ಳಕ್ಕೆ ನೋಡ್ತಿತ್ತು.

"ಕೃಪಾ..." ಅಂದೆ. ಅಷ್ಟೇ ಅಂದದ್ದು.

ಎರಡು ಕೈಯೂ ನಿಂತವು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಆಮೇಲೆ ಇವರು ಮೇಲೆ ಹೋಗಿ ಗುರುನ ಕರೆದರು. ಬರಲಿಲ್ಲ. ಅವನ ಅಣ್ಣ ಬಂದು ಕರೆದ, ಆಗಲೂ ಬರಲಿಲ್ಲ. ಇವತ್ತಿಗೂ ಅಲ್ಲೇ ಇದ್ದಾನೆ.

ರೈಲಿನಲ್ಲಿ ನಾನು ಸೆರಗು ಹೊದ್ದು ಮೂಲೆಗೆ ಒರಗಿದ್ದೆ. ವಡೋದರಾದಲ್ಲಿ ಇವರು ಚಹಾ ತಂದರು. ಕಪ್ಪು ತಗೊಳ್ಳಕ್ಕೆ ನಾನು ಮುಂದೆ ಬಗ್ಗಿದಾಗ ಸೆರಗು ಜಾರಿತು, ಇವರು ನನ್ನ ಬೆನ್ನು ನೋಡಿದರು.

"ಜಡೆ ಯಾವಾಗ ಹೆಣೆದುಕೊಂಡೆ?"

ಮನೆಯಿಂದ ಹೊರಡೋವಾಗ ನಾನು ತುರುಬು ಕಟ್ಟಿ, ಪಿನ್ನು ಚುಚ್ಚಿಕೊಂಡು ಹೋಗಿದ್ದೆ. ಮುಟ್ಟಿ ನೋಡಿಕೊಂಡೆ. ಬಿಗಿಯಾದ ಜಡೆ, ಚಿಕ್ಕವಳಿದ್ದಾಗ ಕೃಪಾಗೆ ನಾನು ಹಾಕ್ತಿದ್ದ ಹಾಗೇ ಕೊನೇ ತನಕ ಹೆಣೆದಿತ್ತು. ಪಿನ್ನು ಒಂದೂ ಇರಲಿಲ್ಲ.

ನಗ್ತೀರೇನು? ಇವರು ಒಳಗೆ ಮಲಗಿದ್ದಾರೆ. ಎಬ್ಬಿಸಿ ಕೇಳಿ ಬೇಕಾದರೆ.