ಕರಡಿ ಮನೆಯ ಸೊಸೆ

ಹೊಸಪೇಟೆಯ ಆಧಾರ್ ಕೇಂದ್ರದಲ್ಲಿ ಟೋಕನ್ ಹಿಡಿದು ಕೂತಿದ್ದ ಲಲಿತಾಳ ಕಿವಿ ಪಕ್ಕದ ಬೆಂಚಿನ ಅತ್ತೆ-ಸೊಸೆಯರ ಮಾತಿನ ಮೇಲೆಯೇ ಇತ್ತು. ದರೋಜಿ ಕಡೆಯವರು. ಸೊಸೆಯ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ.

“ಅತ್ತಿ, ನನ್ನ ಹೆಸರಿನ ಮುಂದ ಕರಡಿ ಅಂತ ಬರಸಾದು ಬ್ಯಾಡ್ರಿ. ಆಫೀಸಿನಾಗ ನಗ್ತಾರ.”

“ನಗಲಿ ಬಿಡವ್ವ. ಈ ಸೀಮ್ಯಾಗ ಆ ಅಡ್ಡಹೆಸರು ಇರಾದು ನಮ್ದೊಂದ ಮನಿಗೆ.”

“ಮುತ್ತಜ್ಜಾರು ಕರಡಿ ಹೊಡದಿದ್ರೇನ್ರಿ?”

“ಎಲ್ಲಿ ಹೊಡೀತಾನ! ಗುಡ್ಡದಾಗ ಕರಡಿ ಎದುರಿಗೆ ಬಂದ ಕೂಡ್ಲೆ ಹೆಂಡ್ತಿನ್ನ ಬಿಟ್ಟು ಮರ ಹತ್ತಿದ.”

“ಮತ್ತ?”

“ಆಕಿ ತಲಿಮ್ಯಾಲಿನ ಕಟಿಗಿ ಹೊರಿ ಇಳಿಸಿ, ಕುಡುಗೋಲು ಬೀಸಿ ಓಡ್ಸಿದ್ಲು. ಮದ್ವಿ ಆಗಿ ಹದಿನೈದು ದಿನ ಆಗಿತ್ತು, ನಿನ್ನಂಗ. ಅವತ್ತಿಂದ ಊರಾಗ ನಮ್ದು ಕರಡಿ ಮನಿ ಆತು.”

“ಅದಕ್ಕೂ ಮುಂಚೆ ಏನಿತ್ರಿ ಅಡ್ಡಹೆಸರು?”

“ಯಾರಿಗ್ಗೊತ್ತು? ಮರದ ಮ್ಯಾಲಿದ್ದಾವನ ಹೆಸರು ಯಾರು ನೆನಪಿಟ್ಕಂತಾರ!”

ಲಲಿತಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಷ್ಟರಲ್ಲಿ ಕೌಂಟರಿನವನು ಕೂಗಿದ.

“ಪಲ್ಲವಿ ಯಾರ್ರಿ?”

“ಪಲ್ಲವಿ ಕರಡಿ,” ಎಂದು ತಿದ್ದುತ್ತಲೇ ಎದ್ದ ಸೊಸೆ, ಅತ್ತೆಗಿಂತ ಮುಂದಾಗಿ ಕೌಂಟರಿನತ್ತ ನಡೆದಳು.