ಗ್ಲಾಸಿನ ಬುಡದ ಸಿಂಬಿ

ಹಲೋ... ಹಲೋ! ಯಾರ್ರಿ ಮಾತಾಡೋದು?... ಹಾಂ? ಜೋರಾಗಿ ಹೇಳ್ರಿ, ಕಿವ್ಯಾಗ ಬರೇ ಗುಂಯ್ ಅಂತದ... ರಾಯಚೂರು ಸಾಹೇಬ್ರ ಮನಿ ಅಲ್ವಾ ಇದು?...

ಓ, ಮಲಂಗಸಾಬ್ ಚಾಚಾ! ಸಲಾಂ ಚಾಚಾ. ನಾನು, ಯಂಕೋಬ. ಮಾನ್ವಿ ಬಂಗ್ಲಾದಿಂದ. ಬಂಗ್ಲಾ ಕಾಯೋ ಹಂಪಯ್ಯನ ಮಗ... ಹಾಂ, ಅದೇ, ಹತ್ತಿ ಬಂಡಿ ಹೊಡಿಯೋ ಯಂಕೋಬ... ಸಿಟ್ಟಿನ ಯಂಕೋಬ ಅಂದ್ರೂ ನಡೀತದ. ನಗಬ್ಯಾಡ್ರಿ, ನೀವು ಒಲಿ ಮುಂದ ಕುಂತು ನಗಬಹುದು, ಇಲ್ಲಿ ನನಗ ಬೆಂಕಿ ಬಿದ್ದದ...

ಯಮನಕ್ಕನ್ನ ಕರೀರಿ. ನಮ್ಮಕ್ಕನ್ನ. ನಿಮ್ಮ ಸಾಹೇಬ್ರ ಅಸ್ಮತ್ ಕೂಸಿನ್ನ ಆಡಸ್ತಾಳಲ್ಲ, ಆಕಿನ್ನ... ಯಾರೂ ಸತ್ತಿಲ್ಲ ಚಾಚಾ! ಸತ್ರ ಫೋನ್ ಯಾಕ ಮಾಡ್ಲಿ, ಬಂಡಿ ಕಟ್ಟಿ ನಾನೇ ಬರ್ತಿದ್ದೆ... ಬೇಗಂ ಸಾಹೇಬ್ರು ಎಲ್ಲಿ ಅದಾರ?... ಜಳಕಕ್ಕ ಹೋಗ್ಯಾರಾ? ಭೇಷಾತು. ಹಂಗಾರ ಲಗೂನ ಕರೀರಿ. ಕೂಗಬ್ಯಾಡ್ರಿ, ಹೋಗಿ ಕರೀರಿ...

...

ಯಕ್ಕಾ?... ಹಾಂ, ನಾನೇ. ಯಾಕ ಉಸುರು ಬಿಡ್ತಿ, ಓಡಿ ಬಂದೇನು?... ಯವ್ವ ಛಲೋ ಅದಾಳ. ಯಪ್ಪನೂ ಅದಾನ... ಜಡ್ಡಲ್ಲ ಯಕ್ಕಾ, ನೌಕ್ರಿ. ಯಪ್ಪನ ನೌಕ್ರಿ ಇವತ್ತು ಸಂಜಿಗೆ ಹೊಂಟದ...

ತಡಿ, ಹೇಳ್ತೀನಿ. ನಿಮ್ಮ ಬೇಗಂ ಗುಲ್ಶನ್ ಬೇಗಂ ಹೋದ ದೌರಾಕ್ಕ ಬಂದಾಗ ಬಂಗ್ಲಾದಾಗ ಆರು ದಾರದ ಸಿಂಬಿ ಇಟ್ಟು ಹೋಗಿದ್ಲು. ಗ್ಲಾಸಿನ ಬುಡಕ್ಕ ಇಡೋವು. ಬೆಳ್ಳಗ, ಗುಂಡಗ, ಅಂಗೈ ಅಗಲ. ನಾವು ಕೊಡದ ಬುಡಕ್ಕ ತಲಿಮ್ಯಾಲ ಸಿಂಬಿ ಇಡಂಗಿಲ್ಲೇನು, ಹಂಗ ಅವರು ನೀರಿನ ಗ್ಲಾಸಿನ ಬುಡಕ್ಕ ಇಡ್ತಾರಂತ. ಆ ಕರೇ ಮೇಜಿನ ಮ್ಯಾಲ ಹಸಿ ಗ್ಲಾಸಿಟ್ರ ಬಿಳೇ ಚಕ್ರ ಬೀಳ್ತದಲ್ಲ, ಅದಕ್ಕ... ಗೊತ್ತದಾ? ಗೊತ್ತಿದ್ರ ಛಲೋ ಆತು.

'ನಮ್ಮ ಬೇಗಂ ಕೈಯಾರೆ ಹೆಣದದ್ದು, ಇನ್ನೊಮ್ಮಿ ಮೇಜಿಗೆ ಚಕ್ರ ಬಿತ್ತಂದ್ರ, ಇವು ಆರರೊಳಗ ಒಂದು ಕಡಿಮಿ ಆತಂದ್ರ, ಹಂಪಯ್ಯಾ, ನಿನ್ನ ಎದಿಮ್ಯಾಲಿನ ಬಿಲ್ಲಿ ಬಿಚ್ಚಿ ಕೊಟ್ಟು ಮನಿಗೆ ನಡಿ' ಅಂದಾನ ಸಾಹೇಬ. ನಾಕು ಮಂದಿ ಮುಂದ. ಇಪ್ಪತ್ತೆರಡು ವರ್ಷ ಆ ಬಂಗ್ಲಾ ಕಸ ಹೊಡದ ಮನುಷ್ಯಾಗ...

ಇವತ್ತು ಸಂಜಿಗೆ ಮತ್ತ ಬರ್ತಾನ ಸಾಹೇಬ. ಒಂದು ಕಡಿಮಿ ಅಲ್ಲ ಯಕ್ಕಾ. ಆರೂ ಇಲ್ಲ!...

ಎಲ್ಲಿ ಹೋದ್ವು ಅಂದ್ರ? ನಮ್ಮವ್ವನ್ನ ಕೇಳು! ಒಂದಕ್ಕ ಚಾದ ಕಲಿ ಬಿದ್ದಿತ್ತು, ತೊಳದು ಕೊಡು ಅಂತ ಯಪ್ಪ ಆರನ್ನೂ ಮನಿಗೆ ಒಯ್ದಾನ. ಯವ್ವ ತೊಳದ್ಲು, ಒಣಗಿಸಿದ್ಲು, ಒಂದನ್ನ ಕೈಯಾಗ ತಿರುವಿ ತಿರುವಿ ನೋಡಿದ್ಲು. ಆಮ್ಯಾಲ ಆರನ್ನೂ ಒಯ್ದು ದೇವರ ಜಗಲಿ ಮ್ಯಾಲ ಎಲ್ಲಮ್ಮನ ಮುಂದ ಇಟ್ಟು, ಒಂದೊಂದರ ಮ್ಯಾಲ ಒಂದೊಂದು ದೀಪ ಹಚ್ಚಿಬಿಟ್ಟಾಳ!... ಹಾಂ, ಎಣ್ಣಿ ದೀಪ. ಮತ್ತೇನು, ಕರೆಂಟಿನ ದೀಪ ಹಚ್ತಾಳೇನು? ಆರೂ ಎಣ್ಣಿ ಕುಡದು ಹೋಳಿಗಿ ಆಗ್ಯಾವ. ಒಂದರ ಅಂಚು ಸುಟ್ಟೇ ಹೋಗ್ಯದ...

ಕೇಳಲಿಲ್ಲೇನು ಅಂತಿಯಲ್ಲ, ಗಂಟಲು ಹರಕೊಂಡೀನಿ. 'ಕೊಡಬೇ, ಸೀಗಿಕಾಯಿ ಹಚ್ಚಿ ತೊಳದು ನೋಡ್ತೀನಿ' ಅಂದ್ರ, 'ದೇವ್ರಿಗೆ ಏರ್ಸಿದ್ದು ತಿರುಗಿ ತಗದು ಎಂಜಲ ಗ್ಲಾಸಿನ ಬುಡಕ್ಕ ಇಡಾಕ ಕೊಡಂಗಿಲ್ಲ' ಅಂತಾಳ. ಒಂದೇ ಮಾತು. ಜಗಲಿಗೆ ಅಡ್ಡ ಕುಂತಾಳ. ಎತ್ತನ್ನಾದ್ರೂ ಎಬ್ಬಿಸಬಹುದು, ನಮ್ಮವ್ವ ಬೂದೆಮ್ಮನ್ನ ಎಬ್ಬಸಾಕ ಆಗಂಗಿಲ್ಲ...

ಯಪ್ಪ ಏನ್ ಮಾಡಾಕತ್ತಾನ? ಪಡಸಾಲ್ಯಾಗ ಕುಂತು ಹಿತ್ತಾಳಿ ಬಿಲ್ಲಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಾಕತ್ತಾನ. ಯಾಕಪ್ಪಾ ಅಂದ್ರ, 'ಸರ್ಕಾರಕ್ಕ ತಿರುಗಿ ಕೊಡೋದು ಹೊಳೆಯಂಗ ಕೊಡಬೇಕಲೇ' ಅಂತಾನ. ಕೇಳಿದಿ? ಹೊಳೆಯಂಗ! ನನಗ ಆ ಮೇಜಿಗೇ ಕೊಡ್ಲಿ ಹಾಕಬೇಕು ಅನಸ್ತದ...

ಹೂಂ, ಹೂಂ, ಹಾಕಂಗಿಲ್ಲ. ಕೇಳು. ಅದಕ್ಕ ನಾನೇ ಹೆಣ್ಯಾಕತ್ತೀನಿ... ಹಾಂ, ನಾನೇ! ಯಾಕ ನಗ್ತಿ? ಎಲ್ಲಾರೂ ನಗ್ರಿ! ಎತ್ತಿನ ಹಗ್ಗ ಹೊಸಿಯೋ ಕೈಯಿಂದ ದಾರ ಹೆಣಿಬಾರ್ದೇನು?... ಸೂಜಿ ಎಲ್ಲಿ ಸಿಗ್ತದ ಈ ಲಡಾಯಿ ಕಾಲದಾಗ? ಯಪ್ಪನ ಮುರುಕು ಛತ್ರಿ ಕಡ್ಡಿ ಮುರದು, ಕಲ್ಲಿಗೆ ಮಸದು, ತುದಿಗೆ ಕೊಕ್ಕಿ ಮಾಡೀನಿ. ದಾರ ಸಕ್ಕರಿ ಚೀಲದ ಬಾಯಿ ಬಿಚ್ಚಿದ್ದು. ಅದನ್ನೂ ಅಂಗಡ್ಯಾವ ಯಂಕಣ್ಣನ ಕಾಲು ಹಿಡದು ತಂದೀನಿ... ಇಲ್ಲ, ಕಾಲು ಹಿಡಿಲಿಲ್ಲ, ಬೈದು ತಂದೀನಿ.

ಈಗ ನೀ ಹೇಳು. ನೀ ದಿನಾ ಬೇಗಂ ಮುಂದೇ ಇರ್ತಿ, ಆಕಿ ಹೆಣಿಯೋದು ನೋಡ್ತಿ. ಹೆಂಗ ಮಾಡ್ತಾಳ? ನಾ ಜಗಲಿ ಮುಂದ ಕುಂತು, ಆ ಅಂಚು ಸುಟ್ಟದ್ದನ್ನ ಮುಟ್ಟದಂಗ ನೋಡಿ ಹೆಣದೆ. ನಡುವ ಉಂಗುರದಾಗ ಆರು ಕುಣಿಕಿ ಅದಾವ, ಎಣಿಸೀನಿ. ನಾನೂ ಆರು ಹಾಕಿದೆ. ಮುಂದಿನ ಸುತ್ತಿಗೆ ಆರು. ಅದರ ಮುಂದಿನದಕ್ಕ ಆರು. ಚಂದಾಗಿ, ಬಿಗಿಯಾಗಿ ಹಾಕೀನಿ. ಆದ್ರ ಯಕ್ಕಾ, ಅದು ಚಪ್ಪಟಿ ಮಲಗವಲ್ದು! ಮ್ಯಾಲ ಮ್ಯಾಲ ಏಳ್ತದ. ಈಗ ನೋಡಿದ್ರ ಎತ್ತಿನ ಬಾಯಿಕುಕ್ಕಿ ಆಗಿ ಕುಂತದ! ರಾಶಿ ತುಳಿಯುವಾಗ ಎತ್ತಿನ ಮೂತಿಗೆ ಕಟ್ತೀವಲ್ಲ, ಅದೇ. ಇಲಿಮರಿಗೆ ಕಟ್ಟಬಹುದು...

ಇಲ್ಲಬೇ, ಬಿಗಿ ಜಾಸ್ತಿ ಆಗಿಲ್ಲ. ಬಿಚ್ಚಿ ಸಡ್ಲ ಹಾಕಿದೆ. ಸಡ್ಲ ಬಾಯಿಕುಕ್ಕಿ ಆತು! ಮೂರು ಬಿಚ್ಚೀನಿ, ಮೂರೂ ಬಾಯಿಕುಕ್ಕಿ. ಯಪ್ಪ ನೋಡಿ ಏನಂದ ಗೊತ್ತೇನು? 'ಒಂದನ್ನ ಮಲಂಗಸಾಬ್ಗ ಕೊಡಲೇ, ಮೊಮ್ಮಗಗ ನಮಾಜಿನ ಟೋಪಿ ಆಗ್ತದ' ಅಂದ. ನೌಕ್ರಿ ಹೋಗೋ ಹೊತ್ತಿನ್ಯಾಗ ಚಾಷ್ಟಿ ಮಾಡ್ತಾನ ಮುದುಕ...

ಹಾಂ?... ಆರಾರೇ ಹಾಕಬಾರ್ದಾ? ಮತ್ತ ಎಷ್ಟು?... ಮೊದಲ ಸುತ್ತಿಗೆ ಆರು. ಹಾಂ. ಎರಡನೇದಕ್ಕ ಒಂದೊಂದು ಕಣ್ಣಾಗ ಎರಡೆರಡು. ಅಂದ್ರ... ಹನ್ನೆರಡು. ಹಾಂ. ಮೂರನೇದಕ್ಕ?... ಒಂದು ಕಣ್ಣಾಗ ಒಂದು, ಮುಂದಿನ ಕಣ್ಣಾಗ ಎರಡು, ಮತ್ತ ಒಂದು, ಮತ್ತ ಎರಡು... ಒಟ್ಟು? ನೀನೇ ಹೇಳು ಒಟ್ಟು ಎಷ್ಟು... ಹದಿನೆಂಟು. ಆಮ್ಯಾಲ?... ನಿಂದ್ರು, ನಿಂದ್ರು! ಸುತ್ತು ಸುತ್ತಿಗೂ ಆರು ಕೂಡಿಸ್ಕೋತ ಹೋಗಬೇಕಾ? ಅಂದ್ರ ಇದು ಆರರ ಮಗ್ಗಿ!

ಥೂ ಇದರ! ಆರರ ಮಗ್ಗಿ ಬರಂಗಿಲ್ಲ ನನಗ, ನಿನಗ ಗೊತ್ತದ. ಐದರ ಮಗ್ಗಿಗೆ ಸಾಲಿ ಬಿಟ್ಟಾವ ನಾನು... ಬಿಟ್ಟೆ ಅಲ್ಲ, ಬಿಡಿಸಿದ್ರು. ಕುರ್ಡಿ ಊರಿನ ಸಾಲ್ಯಾಗ ಆ ಮಾಸ್ತರ ನಮ್ಮನ್ನ ಒಳಗ ಕುಂದ್ರಸ್ತಿದ್ನೇನು? ಹೊರಗ ಕಟ್ಟಿ ಬುಡಕ್ಕ ಬಿಸಿಲಾಗ. ಒಳಗ ಹುಡುಗ್ರು ಒದರಿದ್ದು ಹೊರಗ ಕೇಳಿ ಕಲೀಬೇಕು. ಐದರ ಮಗ್ಗಿ ಮುಗೀತು, ಮರುದಿನ ಆರರದು ಅಂದ್ರು. ಮರುದಿನ ನನಗ ತನ್ನ ಎಮ್ಮಿ ಮೇಯಿಸಿ ಬಾ ಅಂದ. ನಾ ಹಲಗಿ ಒಗದು ಬಂದೆ... ಒಗದದ್ದು ಗ್ವಾಡಿಗೆ, ಅವನ ತಲಿಗಲ್ಲ. ತಪ್ಪಾತು, ತಲಿಗೆ ಒಗೀಬೇಕಿತ್ತು...

ಆತು, ಆತು. ಹೇಳು, ನಿನ್ನ ಬೆನ್ನ ಹಿಂದ ಹೇಳ್ತೀನಿ. ಆರೊಂದ್ಲೆ ಆರು. ಆರೆರಡ್ಲೆ ಹನ್ನೆರಡು. ಆರ್ಮೂರ್ಲೆ ಹದಿನೆಂಟು. ಆರ್ನಾಕ್ಲೆ... ಇಪ್ಪತ್ನಾಕು. ಸಾಕಾ? ಇನ್ನೊಂದಾ?... ಆರೈದ್ಲೆ ಮೂವತ್ತು, ಅಲ್ಲಿಗೆ ಅಂಗೈ ಅಗಲ ಆಗ್ತದ. ತಿಳೀತು. ಜ್ವಾಳದ ಕಾಳು ಇಟ್ಕೊಂಡು ಎಣಿಸ್ತೀನಿ...

ಏನ್ರಿ? ಯಾರು?... ಎಕ್ಸ್‌ಚೇಂಜಿನವರಾ? ಮೂರು ಮಿನಿಟ್ ಆದ್ರ ಆಗ್ಲಿ! ಸರ್ಕಾರಿ ಕೆಲಸ ಅದ! ಸಾಹೇಬ್ರ ಸಂಗಡ ಎಷ್ಟು ಮಂದಿ ಬರ್ತಾರ, ಎಷ್ಟು ಕೊಡ ನೀರು ತುಂಬಬೇಕು ಅಂತ ಕೇಳಾಕತ್ತೀನಿ... ಹಾಂ, ಇನ್ನಾ ಮೂರು ಮಿನಿಟ್ ಕೊಡ್ರಿ... ಮಗ್ಗಿ ಯಾಕ ಹೇಳಾಕತ್ತಿದ್ದೆ ಅಂದ್ರ? ಕೊಡಾ ಎಣಿಸಾಕತ್ತಿದ್ದೆ! ನೀವು ಕೇಳಸ್ಕೊಬ್ಯಾಡ್ರಿ!

ಯಕ್ಕಾ, ಅದಿಯಾ?... ಇನ್ನೊಂದು ಹೇಳು. ಆ ಬೇಗಂದು ಸುತ್ತು ಹೊಂಟ ದಿಕ್ಕೇ ಬ್ಯಾರೆ. ನಾ ಹೆಂಗ ಹೆಣದ್ರೂ ನಂದು ಹಿಂಗ ತಿರುಗ್ತದ, ಆಕಿದು ಹಂಗ ತಿರುಗ್ತದ. ಗಾಣದ ಎತ್ತು ಉಲ್ಟಾ ತಿರುಗಿದಂಗ. ಅದನ್ನ ನೋಡಿ ಹೆಣಿಯಾಕ ಹೋಗಿ ನನಗ ತಲಿ ತಿರುಗಿ ಬಂತು. ಏನು, ಆಕಿನೂ ನಿನ್ನಂಗ ಎಡಚಿ ಏನು?...

ಯಕ್ಕಾ?... ಹಲೋ? ಕೇಳ್ತದಾ?...

ಯಾಕ ಪಿಸುಗುಡ್ತಿ? ಬೇಗಂ ಬಂದ್ಲಾ?... ಇನ್ನಾ ಜಳಕದಾಗೇ ಅದಾಳಾ? ಮತ್ತ?...

ಏನಂದಿ? ಇನ್ನೊಮ್ಮಿ ಹೇಳು...

ನೀನಾ?... ಆರೂ?... ನೀ ಹೆಣದದ್ದಾ?

ಒಂದೊಂದೇ ಹೇಳು, ಒಂದೊಂದೇ ಹೇಳು. ಆಕಿಗೆ ಬರಂಗೇ ಇಲ್ಲಾ?... ಒಂದು ಕುಣಿಕಿನೂ?... ನಿನಗ ಯಾರು ಕಲಿಸಿದ್ರು? ದವಾಖಾನಿ ನರ್ಸಮ್ಮ. ಕೂಸಿನ್ನ ಮಲಗಿಸಿ ನೀ ಹೆಣಿತಿದ್ದಿ. ಸಾಹೇಬ ಬಂದು ಕೇಳಿದಾಗ ಆಕಿ 'ನಾ ಹೆಣದೆ' ಅಂದ್ಲು. ನೀ ಸುಮ್ಮ ನಿಂತಿ... ಸುಮ್ಮ ನಿಂತಿ! ನಮ್ಮ ಮನಿ ಮಂದಿಗೆ ಎಲ್ಲಾರಿಗೂ ಸುಮ್ಮ ನಿಂದ್ರೋದು ಯಾರು ಕಲಿಸಿದ್ರು? ಯಪ್ಪ ಬಿಲ್ಲಿ ತಿಕ್ತಾನ, ನೀ ಸುಮ್ಮ ನಿಂದ್ರತಿ!

ನಮ್ಮಕ್ಕ ಹೆಣದ ದಾರಕ್ಕ ನಮ್ಮಪ್ಪನ ಹೊಟ್ಟಿಗೆ ಕಲ್ಲು! ಬರ್ಲಿ ಸಾಹೇಬ, ದೇವದುರ್ಗ ದೌರಾ ಮುಗಿಸಿ ಇಲ್ಲೇ ಇಳೀತಾನಲ್ಲ, ಮೆಟ್ಲಮ್ಯಾಲೇ ಹೇಳ್ತೀನಿ. 'ಬೇಗಂ ಕೈಯಾಗ ಸೂಜಿ ಕೊಡ್ರಿ, ನಿಮ್ಮ ಕಣ್ಮುಂದ ಒಂದು ಸುತ್ತು ಹಾಕ್ಲಿ ನೋಡೋಣು' ಅಂತೀನಿ...

ಅಂದ್ರ ಏನಾಗ್ತದ? ಏನಾಗ್ತದ ಹೇಳು... ನಿನ್ನೂ ಬಿಡಿಸ್ತಾರ. ಹೂಂ. ಬಿಡಿಸ್ಲಿ... ಇಬ್ಬರೂ ಮನ್ಯಾಗ ಕುಂತ್ರ ಏನ್ ತಿಂತೀವಿ ಅಂತೀ. ಹೂಂ... ಆತು, ಅನ್ನಂಗಿಲ್ಲ. ಅನ್ನಂಗಿಲ್ಲ ಅಂದೆನಲ್ಲ! ಆದ್ರ ನಾ ಸಂಜಿಯೊಳಗ ಆರು ಹೆಂಗ ಹೆಣಿಲಿ? ಒಂದೂ ಚಪ್ಪಟಿ ಮಲಗಿಲ್ಲ ಇನ್ನಾ!

ಏನು?... ನೀ ಬರ್ತಿಯಾ? ಇಲ್ಲಿಗಾ? ಇವತ್ತಾ?... ಎರಡು ವರ್ಷಾತು ಯಕ್ಕಾ, ಒಂದು ದಿನ ಸೂಟಿ ಕೊಟ್ಟಿಲ್ಲ ಆಕಿ. ಹತ್ತಿ ಬಂಡಿ ತಗೊಂಡು ಬಂದಾಗ ಹಿತ್ತಲ ಬಾಗಿಲಾಗ ಎರಡು ಮಾತು, ಅಷ್ಟೇ ನಮಗ. ಇವತ್ತು ಮೋಟಾರಿನ್ಯಾಗ ಹತ್ತಿಸ್ಕೊಂಡು ಬರ್ತಾಳಂತ! ಏನಂತ ಕೇಳ್ತಿ ಆಕಿನ್ನ?...

'ಮಾನ್ವಿಯಾಗ ಆರೂ ಕೆಟ್ಟಾವಂತ ಬೇಗಂ ಸಾಹೇಬ್ರ, ಸಾಹೇಬ್ರು ಊಟಕ್ಕ ಕುಂದ್ರೋದ್ರೊಳಗ ಹೊಸಾವು ಬೇಕು. ನೀವು ಹೆಣಿತೀರೇನು, ನಾ ಬರ್ಲೇನು?'...

ಅಷ್ಟೇನಾ? ಬೈಯಾಂಗಿಲ್ಲ? ಅಂಜಸಾಂಗಿಲ್ಲ? ಬರೇ ಅಷ್ಟು ಕೇಳಿ ಸುಮ್ಮ ನಿಂದ್ರತಿಯಾ?...

ಹ್ಹಹ್ಹ... ಅಲ್ಲಬೇ, ನಗಾಕತ್ತಿಲ್ಲ. ಸಿಟ್ಟು ಬಂದದ ಇನ್ನಾ. ನೀ ಸುಮ್ಮ ನಿಂದ್ರೋದು ಈಗ ತಿಳೀತು ನನಗ... ಮತ್ತ ಸಾಹೇಬ ಹಳೇವು ಎಲ್ಲಿ ಅಂತ ಕೇಳಿದ್ರ?... ಆಕಿನೇ ಹೇಳ್ತಾಳಾ? 'ನಾನೇ ತಗಿಸಿದೆ, ಹಳೇವಾಗಿದ್ವು' ಅಂತ?... ಹೇಳಲೇಬೇಕು, ಅಲ್ವಾ? ಇಲ್ಲಂದ್ರ ಹೊಸಾವು ಆಕಿನೇ ಹೆಣಿಬೇಕಾಗ್ತದ! ಭಲೇ ಯಕ್ಕಾ...

ಹಾಂ, ಮೂರನ್ನ ನೀ ದಾರಿ ಮ್ಯಾಲ ಮೋಟಾರಿನ್ಯಾಗ ಹೆಣಿತಿ, ಎರಡು ಇಲ್ಲಿ ಬಂದು ಅಡಗಿ ಮನ್ಯಾಗ. ಆರನೇದು?... ನಾನಾ? ಏ, ಬ್ಯಾಡಬೇ... ಯಾಕ ಅಂದ್ರ, ಸುತ್ತು ಉಲ್ಟಾ ಆಗ್ತದ ನಂದು, ಐದು ಒಂದು ದಿಕ್ಕಿಗೆ, ಒಂದು ಇನ್ನೊಂದು ದಿಕ್ಕಿಗೆ. ಸಾಹೇಬ ಗುರುತು ಹಿಡದ್ರ?... ಹೂಂ. ಅವನು ಕಂಡಾನೇನು, ಖರೇ. ಗ್ಲಾಸು ಎತ್ತಿದ್ರ ಬಾಯಿಗೆ ಎತ್ತತಾನ, ಬುಡ ಯಾಕ ನೋಡ್ತಾನ. ಆತು, ಒಂದು ನಾ ಹೆಣಿತೀನಿ. ಚಪ್ಪಟಿ ಮಲಗಸ್ತೀನಿ ಅದನ್ನ, ಮ್ಯಾಲ ಬಂಡಿ ಗಾಲಿ ಹಾಯಿಸಿಯಾದ್ರೂ...

ಯಪ್ಪಗ ಹೇಳ್ತೀನಿ. ಬಿಲ್ಲಿ ತಿಕ್ಕಿದ್ದು ಸಾಕು, ಎದಿಗೆ ಹಾಕ್ಕೋ ಅಂತೀನಿ... ಯವ್ವಗ? ಯವ್ವಗ ಏನ್ ಹೇಳ್ಲಿ? ನೀ ಬರ್ತಿ ಅಂದ್ರ ಆಕಿ ಜಗಲಿ ಬಿಟ್ಟು ಎದ್ದೇಳ್ತಾಳ ಮೊದಲ...

ಯಕ್ಕಾ. ಯಕ್ಕಾ, ತಡಿ.

ಆವತ್ತು ಯವ್ವ ಅದನ್ನ ತಿರುವಿ ತಿರುವಿ ನೋಡಿದ್ಲು ಅಂದೆನಲ್ಲ. ಹೆಬ್ಬಟ್ಟಿನ್ಯಾಗ ಸುತ್ತಿನ ಗುಂಟ ಸವರಿಕೋತ ಹೋದ್ಲು. ಒಂದು ಮಾತಂದ್ಲು. ನಾ ಸಿಟ್ಟಿನ್ಯಾಗ ಕಿವಿಗೆ ಹಾಕ್ಕೊಂಡಿರಲಿಲ್ಲ. ಈಗ ತಿಳ್ಯಾಕತ್ತದ...

ಏನ್ರಿ ಮತ್ತ? ಒಂದು ಮಿನಿಟ್ ತಡೀರಿ! ಒಂದೇ ಮಾತದ! ಕಡೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಹಾಂ, ಬೀಳ್ತೀನಿ ಅಂದೆ, ಕಡೀಬ್ಯಾಡ್ರಿ...

ಯಕ್ಕಾ, ಕೇಳ್ತಿಯಾ?... ಬೇಗಂ ಬಂದ್ಲಾ? ಬರ್ಲಿ, ಫೋನ್ ಇಡಬ್ಯಾಡ! ಯವ್ವಗ ಹೆಣದವರ ಹೆಸರು ಯಾರೂ ಹೇಳಿರ್ಲಿಲ್ಲ. ಆಕಿ ಸವರಿ ನೋಡಿ, 'ಇದು ಎಡಗೈ ಸುತ್ತು' ಅಂದ್ಲು. ಅಂದು, ಒಯ್ದು ದೀಪದ ಬುಡಕ್ಕ ಇಟ್ಲು. ಗುರುತು ಹಿಡದಾಳ ಯಕ್ಕಾ! ಅದಕ್ಕೇ ಕೊಡವಲ್ಲಳು, ನಿನ್ನ ಕೈ ಅಂತ ಗೊತ್ತಾಗೇ...

ಹಲೋ?... ಕೇಳಿದೇನು? ಯಕ್ಕಾ?... ಹಲೋ... ಎಕ್ಸ್‌ಚೇಂಜ್?... ಕೇಳಿದ್ಲೇನ್ರಿ ಆಕಿ?... ನೀವಾದ್ರೂ ಕೇಳಿದ್ರೇನು?... ಹಲೋ...